ಬಿದ್ದ ದಿನ, ಅಳೆದ ದಿನ

ಛಾಯಾಚಿತ್ರದಲ್ಲಿ ಗಾಳಿಯಿಲ್ಲ. ತಂತಿಬೇಲಿಯೊಳಗೆ ಚೌಕವಾಗಿ ಕತ್ತರಿಸಿದ ಹುಲ್ಲುನೆಲ; ನಡುವೆ ಮೊಣಕಾಲೆತ್ತರದ ಕಟ್ಟೆ; ಕಟ್ಟೆಯ ಮೇಲೆ ಆಕಾಶಕ್ಕೆ ಬಾಯಿ ತೆರೆದು ಕೂತ ಮಳೆಮಾಪಕ. ಹಿಂದೆ ನಾಲ್ಕು ಕಾಲುಗಳ ಮೇಲೆ ನಿಂತ ಬಿಳಿಯ ಮರದ ಪೆಟ್ಟಿಗೆ, ಅದರ ಓರೆಪಟ್ಟಿಗಳ ಬಾಗಿಲು ಅರೆ ತೆರೆದದ್ದು. ಒಳಗಿನ ಉಷ್ಣಮಾಪಕಗಳು ಕಾಣುವುದಿಲ್ಲ, ಅವುಗಳ ಮೇಲೆ ಬಿದ್ದ ಬೆಳಕಿನ ಒಂದು ಚೂರು ಮಾತ್ರ ಕಾಣುತ್ತದೆ. ಇವೆಲ್ಲದರ ಮುಂದೆ, ಕೊಂಚ ಎಡಕ್ಕೆ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅಳತೆಗಾಜನ್ನು ಬಲಗೈಯಲ್ಲಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದಾಳೆ. ಒಂದು ಕಣ್ಣು ಮುಚ್ಚಿದೆ. ಇನ್ನೊಂದು, ಗಾಜಿನೊಳಗಿನ ನೀರು ಅಂಚುಗಳಲ್ಲಿ ಮೇಲೇರಿ ನಡುವೆ ತಗ್ಗುವ ಆ ಸಣ್ಣ ತಗ್ಗಿನಲ್ಲಿ ನೆಟ್ಟಿದೆ. ಎಡಗೈಯ ಮೇಲೆ ತಟ್ಟೆಯಂತೆ ತೆರೆದುಕೊಂಡ ರಿಜಿಸ್ಟರು. ಪುಟದ ಅಂಚಿನಲ್ಲಿ ತಿಂಗಳ ತಾರೀಖುಗಳನ್ನೆಲ್ಲ ಮೊದಲೇ ಬರೆದಿಟ್ಟಿದೆ. ಆಕೆಯ ಹೆಬ್ಬೆರಳು ಅವುಗಳಲ್ಲೊಂದು ಸಾಲನ್ನು ಒತ್ತಿ ಹಿಡಿದಿದೆ. ಆ ಸಾಲು ಚಿತ್ರ ತೆಗೆದ ದಿನದ್ದಲ್ಲ. ಅದರ ಹಿಂದಿನ ದಿನದ್ದು.

ಇಪ್ಪತ್ತೊಂಬತ್ತು ವರ್ಷಗಳಿಂದ ಈ ಚಿತ್ರ ಹವಾಮಾನ ಸಂಶೋಧನಾ ಸಂಸ್ಥೆಯ ಎರಡನೆಯ ಮಹಡಿಯ ಕಾರಿಡಾರಿನಲ್ಲಿ ತೂಗುತ್ತಿತ್ತು. ಹಾದುಹೋಗುವವರು ಹೆಂಗಸನ್ನು ನೋಡುತ್ತಿದ್ದರು, ಗಾಜನ್ನು ನೋಡುತ್ತಿದ್ದರು. ಹೆಬ್ಬೆರಳನ್ನು ನೋಡಿದವನು ಒಬ್ಬನೇ, ಚಿತ್ರ ತೆಗೆದವನು. ಇನ್ನು ಹದಿನೈದು ದಿನಕ್ಕೆ ನಿವೃತ್ತನಾಗಲಿದ್ದ ಅವನು, ತನ್ನ ಕೋಣೆಗೆ ಹೋಗಲು ಬೇರೆ ಕಡೆಯಿಂದ ಮೆಟ್ಟಿಲುಗಳಿದ್ದರೂ ಬೇಕೆಂದೇ ಈ ದಾರಿ ಹಿಡಿಯುತ್ತಿದ್ದ, ಹಿಡಿದು ಬೇಕೆಂದೇ ತಲೆ ತಗ್ಗಿಸಿ ನಡೆಯುತ್ತಿದ್ದ. ಇವತ್ತು ತಲೆ ಎತ್ತಿ ನಿಂತುಬಿಟ್ಟಿದ್ದ. ಹತ್ತೂವರೆಗೆ ಸಭೆ. ಚಿತ್ರದ ಹೆಂಗಸು ಮೂವತ್ತೊಂದು ವರ್ಷ, ಒಂದು ದಿನ ತಪ್ಪದೆ, ದಿನ್ನೆಯ ಮೇಲಿನ ಆ ಕೇಂದ್ರದಲ್ಲಿ ಅಳೆದು ಬರೆದ ಮಳೆಯ ಲೆಕ್ಕವನ್ನು ಸಂಸ್ಥೆಯ ಶಾಶ್ವತ ದಾಖಲೆಯಿಂದ ಹೊಡೆದುಹಾಕುವುದು ಸಭೆಯ ಮೊದಲನೆಯ ವಿಷಯ. ಕಾರಣ: ಅಂಕಿಗಳು ನಂಬಲರ್ಹವಲ್ಲ. ಆಧಾರ: ಇಪ್ಪತ್ತೊಂಬತ್ತು ವರ್ಷಗಳ ಹಿಂದಿನ ಅವನದೇ ಪ್ರಬಂಧ. ಕಾಗದದ ಕೆಳಗೆ ಅವನ ಸಹಿಗಾಗಿ ಬಿಟ್ಟ ಜಾಗ ನಿನ್ನೆಯಿಂದ ಅವನ ಕಣ್ಣೆದುರು, ಹುಲ್ಲಿಲ್ಲದ ನೆಲದ ತುಣುಕಿನಂತೆ, ಖಾಲಿ ಬಿದ್ದಿತ್ತು.

ಬೆಳಿಗ್ಗೆ ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ತಜ್ಞರೇ, ಬಟ್ಟೆ ಹೊರಗೆ ಹಾಕ್ಲೋ ಒಳಗೆ ಹಾಕ್ಲೋ?"

"ಮಧ್ಯಾಹ್ನದ ಮೇಲೆ ಮಳೆ ಬರಬಹುದು."

"ಬರಬಹುದು! ಮೂವತ್ತೆರಡು ವರ್ಷದಿಂದ ಈ 'ಬರಬಹುದು' ಜೊತೆ ಸಂಸಾರ ಮಾಡ್ತಿದ್ದೀನಿ. ಒಂದು ದಿನ, ಒಂದೇ ಒಂದು ದಿನ, ಬಾಯಿತುಂಬ 'ಬರುತ್ತೆ' ಅನ್ನಿ ನೋಡೋಣ. ನೆನೆದ್ರೂ ಪರವಾಗಿಲ್ಲ, ಬಟ್ಟೆ ಹೊರಗೇ ಹಾಕ್ತೀನಿ."

ಅವನು ನಕ್ಕ. ಗುಂಡಿ ತಪ್ಪಿ ಹಾಕಿದ್ದು ಆಗ ಕಂಡಿತು. ಮೊದಲನೆಯ ಗುಂಡಿ ಎರಡನೆಯ ಕಾಜಕ್ಕೆ ಬಿದ್ದಿತ್ತು, ಮೇಲಿಂದ ಕೆಳಗಿನವರೆಗೆ ಎಲ್ಲವೂ ಒಂದೊಂದು ಮನೆ ಸರಿದಿದ್ದವು. ಬಿಚ್ಚಿ ಮತ್ತೆ ಮೇಲಿನಿಂದ ಹಾಕಿಕೊಂಡ. "ಏನ್ರೀ ಇದು, ಮುಖ ಹೀಗೆ ಕಪ್ಪಿಟ್ಟಿದೆ?" ಎಂದಳು ಹೆಂಡತಿ. "ಏನಿಲ್ಲ, ಸಭೆ" ಎಂದ. ಇಪ್ಪತ್ತೇಳು ವರ್ಷಗಳಿಂದ ಅವಳಿಗೂ ಹೇಳದೆ ಉಳಿಸಿಕೊಂಡಿದ್ದು ಆ 'ಏನಿಲ್ಲ' ಒಳಗಿತ್ತು.

ಒಂದೇ ಒಂದು ಮನೆ ಸರಿದದ್ದು. ಅಷ್ಟೇ ಅಲ್ಲವೆ ಎಲ್ಲವೂ. ಮಳೆಯನ್ನು ಅಳೆಯುವುದು ದಿನಕ್ಕೊಂದು ಸಲ, ಬೆಳಿಗ್ಗೆ ಎಂಟೂವರೆಗೆ. ಗಾಜಿಗೆ ಬಂದ ನೀರು ಹಿಂದಿನ ಬೆಳಗಿನ ಎಂಟೂವರೆಯಿಂದೀಚೆಗೆ ಬಿದ್ದದ್ದು. ಅದನ್ನು ಅಳೆದ ದಿನದ ತಾರೀಖಿಗೆ ಬರೆಯಬೇಕೋ ಬಿದ್ದ ದಿನದ ತಾರೀಖಿಗೋ ಎಂಬುದು ಮೇಲುನೋಟಕ್ಕೆ ಗುಮಾಸ್ತರ ತಕರಾರು. ಸುತ್ತಲಿನ ಹನ್ನೊಂದು ಕೇಂದ್ರಗಳೂ ಅಳೆದ ದಿನಕ್ಕೆ ಬರೆಯುತ್ತಿದ್ದವು. ದಿನ್ನೆಯ ಹೆಂಗಸು ಮಾತ್ರ ಬಿದ್ದ ದಿನಕ್ಕೆ ಬರೆಯುತ್ತಿದ್ದಳು. ಹಾಗಾಗಿ ಆಕೆಯ ಪುಸ್ತಕದಲ್ಲಿ ಮಳೆ ಯಾವಾಗಲೂ ಉಳಿದವರಿಗಿಂತ ಒಂದು ದಿನ ಮುಂಚೆ ಬರುತ್ತಿತ್ತು. ಮೂವತ್ತರ ಪ್ರಾಯದ, ಬಿಸಿರಕ್ತದ, ಕೆಲಸ ಖಾಯಮ್ಮಾಗದ ಸಂಶೋಧಕನಿಗೆ ಅದು ಬೇರೆಯೇ ಆಗಿ ಕಂಡಿತು: ಯಾರೋ ಒಲೆಯ ಪಕ್ಕ ಬೆಚ್ಚಗೆ ಕೂತು, ಮನಸ್ಸಿಗೆ ತೋಚಿದ ಅಂಕಿಗಳನ್ನು ತುಂಬಿಸಿದ್ದಾರೆ. ಒಂದು ದಿನ ಸರಿಸಿ ನೋಡಿದರೆ ಹೇಗೆ ಎಂದು ಹೊಳೆಯಲಿಲ್ಲ. ಹೊಳೆಯದೆ ಇರುವುದಕ್ಕೆ ಬೇಕಾದಷ್ಟು ಅವಸರವಿತ್ತು. ಸಮಯ ಉಳಿಸಲೆಂದು ರಿಜಿಸ್ಟರುಗಳ ನಕಲನ್ನು ಎರಡನೆಯ ಪುಟದಿಂದ ತೆಗೆಸಿದ್ದ; ಮೊದಲನೆಯ ಪುಟದಲ್ಲಿ ಏನಿರುತ್ತದೆ, ಕೇಂದ್ರದ ವಿಳಾಸ, ಮೊಹರು. ದಿನ್ನೆಗೆ ಹೋಗಿದ್ದೂ ಒಂದೇ ಸಲ, ಚಿತ್ರ ತೆಗೆಯಲು. ಆಕೆ ಕುಡಿಯಲು ನೀರು ತಂದುಕೊಟ್ಟು, "ಪುಸ್ತಕ ನೋಡ್ತೀರಾ?" ಎಂದು ಕೇಳಿದ್ದಳು. "ನಕಲು ಇದೆ" ಎಂದಿದ್ದ.

ಪ್ರಬಂಧ ಓದಿದ ದಿನ ಸಭಾಂಗಣದಲ್ಲಿ ಇನ್ನೂರು ಜನ. ಇನ್ನೂರ ಹನ್ನೆರಡು ಮಿಲಿಮೀಟರ್! ಸುತ್ತಲಿನ ಹನ್ನೊಂದು ಕೇಂದ್ರಗಳಲ್ಲಿ ಹನಿಯೂ ಬೀಳದ ದಿನ ದಿನ್ನೆಯ ಪುಸ್ತಕದಲ್ಲಿ ಇನ್ನೂರ ಹನ್ನೆರಡು ಮಿಲಿಮೀಟರ್! ಅವನು ಕೊಂಚ ತಡೆದು, ನೀರು ಕುಡಿದು, ಸಿದ್ಧಪಡಿಸಿಕೊಂಡಿದ್ದ ಮಾತನ್ನು ಆಗಷ್ಟೇ ಹೊಳೆದಂತೆ ಆಡಿದ್ದ: "ಈ ವೀಕ್ಷಕಿಯ ಮನೆಗೆ ಮಳೆ ಒಂದು ದಿನ ಮುಂಚೆ ಬಂದು ಹೇಳಿ ಹೋಗುತ್ತದೆ ಎಂದು ಕಾಣುತ್ತದೆ." ನಗು ಮುಂದಿನ ಸಾಲಿನಿಂದ ಎದ್ದು ಹಿಂದಿನ ಗೋಡೆಗೆ ಬಡಿದು ಮರಳಿ ಬಂತು. ಆ ಮರಳಿ ಬಂದ ನಗುವಿನೊಳಗಿಂದ ಯಾರೋ ಕೂಗಿದರು: "ನಾಳೆಯಮ್ಮ!" ಹೆಸರು ಅಂಟಿಕೊಂಡಿತು. ಅವನ ಕೆಲಸ ಖಾಯಮ್ಮಾಯಿತು. ಎರಡು ವರ್ಷದ ಬಳಿಕ ಅಸಲು ರಿಜಿಸ್ಟರುಗಳು ದಾಖಲೆಕೋಣೆಗೆ ಬಂದವು. ಕಿಟಕಿಯ ಬಿಸಿಲಿನಲ್ಲಿ ನಿಂತು, ಯಾವ ಉದ್ದೇಶವೂ ಇಲ್ಲದೆ, ಒಂದರ ರಟ್ಟು ತೆರೆದ. ಮೊದಲ ಪುಟ. ದುಂಡಗಿನ, ಶಾಲೆಯ ಹಲಗೆಯ ಮೇಲಿನಂಥ ಅಕ್ಷರ: "ಸೂಚನೆ. ಈ ಪುಸ್ತಕದಲ್ಲಿ ಬರೆದ ಮಳೆ ಬಿದ್ದ ದಿನದ್ದು. ಅಳೆದ ದಿನದ್ದಲ್ಲ." ಎರಡನೆಯದನ್ನು ತೆರೆದ, ಅಲ್ಲಿಯೂ. ಮೂರನೆಯದರಲ್ಲಿಯೂ. ಪ್ರತಿ ವರ್ಷವೂ ಆಕೆ ಯಾರೋ ಓದುತ್ತಾರೆಂಬ ನಂಬಿಕೆಯಲ್ಲಿ ಅದೇ ಎರಡು ವಾಕ್ಯ ಬರೆದಿದ್ದಳು. ಅವನು ರಟ್ಟು ಮುಚ್ಚಿದ. ಧೂಳೆದ್ದು ಬಿಸಿಲಿನ ಕೋಲಿನಲ್ಲಿ ಸುತ್ತಿತು. ನಾಳೆ ಹೇಳೋಣ ಎಂದುಕೊಂಡ.

ಎಂಥ ಪದ. ಆಕೆಗೆ ಅಂಟಿಸಿದ ಹೆಸರಿನೊಳಗೆ ತಾನು ಇಪ್ಪತ್ತೇಳು ವರ್ಷ ವಾಸ ಮಾಡಿದ್ದ.

"ಸ್ವಲ್ಪ ಸರೀತೀರಾ? ಬೆಳಕಿಗೆ ಅಡ್ಡ ನಿಂತಿದ್ದೀರಿ."

ಬೆಚ್ಚಿ ತಿರುಗಿದ. ಚಿತ್ರದ ಕೆಳಗಿನ ಬೆಂಚಿನಲ್ಲಿ, ತೊಡೆಯ ಮೇಲೆ ಬಟ್ಟೆಚೀಲ, ಚೀಲದ ಮೇಲೆ ಮಡಿಸಿದ ಕೊಡೆ, ಕೊಡೆಯ ಮೇಲೆ ಸಂಸ್ಥೆಯ ಪತ್ರ ಇಟ್ಟುಕೊಂಡು ಮುದುಕಿಯೊಬ್ಬಳು ಕೂತಿದ್ದಳು. ಬೂದುಬಣ್ಣದ ಸ್ವೆಟರು, ತೋಳಿನ ಬಳಿ ತೇಪೆ. ಪತ್ರವನ್ನು ಬೆಳಕಿಗೆ ಓರೆಮಾಡಿ, ಒಂದು ಕಣ್ಣು ಮುಚ್ಚಿ ಓದುತ್ತಿದ್ದಳು. ಆ ಮುಚ್ಚಿದ ಕಣ್ಣಿನಿಂದಲೇ ಗುರುತು ಹತ್ತಿತು. ಎಪ್ಪತ್ತೊಂಬತ್ತಾಗಿರಬೇಕು. ದಾಖಲೆ ಹೊಡೆದುಹಾಕುವ ಮುನ್ನ ವೀಕ್ಷಕರಿಗೆ ತಿಳಿಸಬೇಕೆಂಬ ನಿಯಮವಿತ್ತು, ತಿಳಿಸಿದ್ದರು. ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ನಿಯಮಗಳು ಯಾರೂ ಬಾರದಿರಲೆಂದೇ ಇರುವಂಥವು. ಆಕೆಯ ತಲೆಯ ಮೇಲೆ, ಒಂದು ಮೊಳ ಅಂತರದಲ್ಲಿ, ಆಕೆಯೇ ಐವತ್ತರ ಪ್ರಾಯದಲ್ಲಿ ಗಾಜು ಹಿಡಿದು ನಿಂತಿದ್ದಳು; ಆಕೆ ಇನ್ನೂ ಕತ್ತೆತ್ತಿ ನೋಡಿರಲಿಲ್ಲ.

"ನಿಮ್ಮನ್ನ ಎಲ್ಲೋ ನೋಡಿದೀನಿ" ಎಂದಳು ಆಕೆ, ಪತ್ರ ಮಡಿಸುತ್ತ. "ನೀವು ಫೋಟೋದವರಲ್ವಾ? ಕಳಿಸ್ತೀನಿ ಅಂದಿದ್ರಿ. ಒಂದು ಪ್ರತಿ."

ಅವನ ಕಿವಿ ಬಿಸಿಯಾಯಿತು. ಇಪ್ಪತ್ತೇಳು ವರ್ಷಗಳಲ್ಲಿ ತನ್ನನ್ನು ತಾನು ಎಷ್ಟೋ ವಿಧದಲ್ಲಿ ವಿಚಾರಣೆಗೆ ನಿಲ್ಲಿಸಿಕೊಂಡಿದ್ದ. ಆ ಯಾವ ವಿಚಾರಣೆಯಲ್ಲೂ ಈ ಆರೋಪ ಇರಲಿಲ್ಲ.

"ಕಳಿಸೋಕೆ ಆಗ್ಲಿಲ್ಲ."

"ಹೋಗ್ಲಿ ಬಿಡಿ. ಅವತ್ತು ಫೋಟೋ ಅಂತ ಹೊಸ ಸ್ವೆಟರ್ ಹಾಕ್ಕೊಂಡಿದ್ದೆ, ಅಷ್ಟೆ." ಚೀಲವನ್ನು ತಟ್ಟಿದಳು. ಒಳಗೆ ಗಾಜು ಕಣಕಣ ಎಂದಿತು. "ಇದನ್ನೂ ತಂದಿದ್ದೀನಿ. ನಿಮ್ಮ ಆಫೀಸಿನ ಸಾಮಾನು ಇದು. ಲೆಕ್ಕಾನೇ ಬೇಡ ಅಂದ್ಮೇಲೆ ಅಳತೆಗಾಜು ನನಗ್ಯಾಕೆ? ವಾಪಸ್ ಕೊಟ್ಟು ರಸೀದಿ ತಗೊಂಡು ಹೋಗ್ತೀನಿ."

"ನೀವು... ಪ್ರಬಂಧ ಓದಿದ್ರಾ?"

"ನನಗೆಲ್ಲಿ ಸಿಗುತ್ತೆ ಅದು? ಹೆಸರು ಮಾತ್ರ ದಿನ್ನೆ ಹತ್ಕೊಂಡು ಬಂತು. ಅಂಚೆಯವನೂ ನಾಳೆಯಮ್ಮ ಅಂತಾನೇ ಕರೀತಿದ್ದ. ಮೊದಮೊದಲು ಹೊಗಳ್ತಾ ಇದ್ದಾನೆ ಅಂದ್ಕೊಂಡಿದ್ದೆ." ಆಕೆ ನಕ್ಕಳು, ನಗು ಕೆಮ್ಮಿಗೆ ತಿರುಗಿತು. "ಆಮೇಲೆ ತನಿಖೆಯವರು ಬರೋದು ನಿಲ್ಲಿಸಿದ್ರು. ತಿಂಗಳ ಪಟ್ಟಿ ಕಳಿಸಿದ್ರೆ ಸ್ವೀಕೃತಿ ಬರ್ಲಿಲ್ಲ. ಹನ್ನೆರಡು ವರ್ಷ ಹಾಗೇ ಬರ್ದೆ."

"ಯಾರೂ ಕೇಳದಿದ್ರೂ?"

"ಯಾರೂ ಕೇಳ್ಲಿಲ್ಲ ಅಂತ ಮಳೆ ಬೀಳೋದು ಬಿಡ್ತಾ?"

ಸಭಾಕೋಣೆಯಲ್ಲಿ ಒಂಬತ್ತು ಕುರ್ಚಿ, ಉದ್ದನೆಯ ಮೇಜು, ಗೋಡೆಗೆ ಪರದೆ, ಕಿಟಕಿಯಾಚೆ ಪಶ್ಚಿಮದ ಆಕಾಶ. ನಿರ್ದೇಶಕ ಒಂದು ಕಾಲದಲ್ಲಿ ಅವನ ವಿದ್ಯಾರ್ಥಿ. ಇಂದಿಗೂ ಅವನನ್ನು ಕಂಡರೆ ಕುರ್ಚಿಯಿಂದ ಅರ್ಧ ಏಳುತ್ತಿದ್ದ, ಅರ್ಧ ಮಾತ್ರ. ಮುದುಕಿಗೆ ಬಾಗಿಲ ಪಕ್ಕ ಹತ್ತನೆಯ ಕುರ್ಚಿ ಹಾಕಿಸಿದರು. ಆಕೆ ಕೂತು ಮೊದಲು ನೋಡಿದ್ದು ಜನರನ್ನಲ್ಲ, ಕಿಟಕಿಯನ್ನು. ಅವನೂ ನೋಡಿದ. ದೂರದ ಮೋಡಗಳ ಬುಡ ಚಪ್ಪಟೆಯಾಗಿ, ಗೆರೆ ಎಳೆದಂತೆ ಸಮವಾಗಿತ್ತು. ತಲೆ ಮಾತ್ರ ಕುದಿಯುತ್ತ ಮೇಲೇರುತ್ತಿತ್ತು. ಇಬ್ಬರೂ ಒಂದೇ ಹೊತ್ತಿಗೆ ದೃಷ್ಟಿ ಹಿಂದಕ್ಕೆ ತೆಗೆದುಕೊಂಡರು. ಕೋಣೆಯಲ್ಲಿ ಆಕಾಶವನ್ನು ನೋಡಿದವರು ಅವರಿಬ್ಬರೇ ಎಂಬುದು ಅವನಿಗೆ ಯಾಕೋ ಎದೆಗೆ ತಾಕಿತು.

"ಸರ್, ಇದು ಬರೀ ಔಪಚಾರಿಕ" ಎಂದ ನಿರ್ದೇಶಕ, ಕಾಗದವನ್ನು ಅವನತ್ತ ಜಾರಿಸುತ್ತ. "ನಿಮ್ಮ ಸಹಿ ಆದ್ರೆ ಎರಡನೇ ವಿಷಯಕ್ಕೆ ಹೋಗಬಹುದು."

ಪೆನ್ನಿನ ಮುಚ್ಚಳ ತೆಗೆದ. ಬೆರಳಿಗೆ ಶಾಯಿ ಹತ್ತಿತು. ಸಹಿ ಮಾಡಿದರೆ ಹದಿನೈದು ದಿನಕ್ಕೆ ಹಾರ, ಭಾಷಣ, ಸ್ಮರಣಫಲಕ, ರಿಜಿಸ್ಟರುಗಳು ರದ್ದಿಗೆ, ಮೊದಲ ಪುಟ ರದ್ದಿಗೆ. ಮತ್ತೆ ಯಾರಿಗೂ ಗೊತ್ತಾಗುವ ದಾರಿಯೇ ಇರುವುದಿಲ್ಲ. ಸತ್ತ ಮೇಲೂ ಗೌರವದಿಂದ ಬದುಕಬಹುದು. ಮಾಡದಿದ್ದರೆ? ಇನ್ನೂರು ಜನರ ಆ ನಗು ಇಪ್ಪತ್ತೊಂಬತ್ತು ವರ್ಷ ಹಿಂದಿನ ಗೋಡೆಯ ಬಳಿಯೇ ಕಾದು ನಿಂತಿತ್ತೆಂದೂ, ಈಗ ಮರಳಿ ಹೊರಟಿದೆಯೆಂದೂ ಅನಿಸಿತು. ಈ ಸಲ ಅದು ಬಂದು ಬಡಿಯುವುದು ತನಗೆ. ನೀರಿನ ಲೋಟ ಎತ್ತಿಕೊಂಡ. ಎತ್ತಿಕೊಂಡವನು ಕುಡಿಯಲಿಲ್ಲ; ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಲೋಟವನ್ನು ಕಣ್ಣಿನ ಮಟ್ಟಕ್ಕೆ ತಂದಿತು. ನೀರು ಅಂಚುಗಳಲ್ಲಿ ಏರಿ ನಡುವೆ ತಗ್ಗಿತ್ತು. ಓದಬೇಕಾದದ್ದು ತಗ್ಗನ್ನು, ಅಂಚನ್ನಲ್ಲ ಎಂದು ಈ ವಿದ್ಯೆಯಲ್ಲಿ ಎಲ್ಲರಿಗೂ ಮೊದಲ ದಿನ ಕಲಿಸುತ್ತಾರೆ.

ಲೋಟ ಇಟ್ಟು ಎದ್ದು ನಿಂತ.

"ಈ ಅಂಕಿಗಳು ಸುಳ್ಳಲ್ಲ" ಎಂದ. ದನಿ ಗೊಗ್ಗರಾಗಿ ಹೊರಟಿತು; ಮತ್ತೆ ಹೇಳಿದ. "ಇವು ಸುಳ್ಳಲ್ಲ. ನಾನು ಬರೆದದ್ದು ತಪ್ಪು. ಇವರು ಮಳೆಯನ್ನ ಬಿದ್ದ ದಿನಕ್ಕೆ ಬರೆದಿದ್ದಾರೆ. ಉಳಿದವರೆಲ್ಲ ಅಳೆದ ದಿನಕ್ಕೆ. ಇವರ ಪ್ರತಿಯೊಂದು ರಿಜಿಸ್ಟರಿನ ಮೊದಲ ಪುಟದಲ್ಲಿ ಅದನ್ನ ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಮೊದಲ ಪುಟ ಓದಿರಲಿಲ್ಲ."

ಕುರ್ಚಿಯೊಂದು ಕಿರುಗುಟ್ಟಿತು. ನಿರ್ದೇಶಕ ಮುಗುಳ್ನಗಲು ನೋಡಿ ಬಿಟ್ಟ. "ಸರ್, ಇದು ಈಗ ಗಮನಕ್ಕೆ ಬಂತಾ?"

ಇಲ್ಲೊಂದು ಬಾಗಿಲು ತೆರೆದಿತ್ತು. ಹೌದು, ಮೊನ್ನೆ ಹಳೆಯ ಕಡತ ನೋಡುವಾಗ. ಒಂದು 'ಹೌದು', ಅಷ್ಟೇ. ತಪ್ಪು ತಿದ್ದಿದ ದೊಡ್ಡ ಮನುಷ್ಯನಾಗಿ ಹಾರ ಹಾಕಿಸಿಕೊಳ್ಳಬಹುದಿತ್ತು. ಎಷ್ಟು ಸಲೀಸಾಗಿ, ಎಷ್ಟು ಗೌರವದಿಂದ ಆ ಹುಡುಗ ಅದನ್ನು ತೆರೆದು ಹಿಡಿದಿದ್ದ.

"ಇಲ್ಲ" ಎಂದ. "ಇಪ್ಪತ್ತೇಳು ವರ್ಷದಿಂದ ಗೊತ್ತು."

ಯಾರೂ ನಗಲಿಲ್ಲ. ನಗು ಬರಲೇ ಇಲ್ಲ. ಅವನು ಅದಕ್ಕಾಗಿ ಕಾದ. ಬೆನ್ನು ಸೆಟೆದುಕೊಂಡು, ತಲೆ ಕೊಂಚ ಬಗ್ಗಿಸಿ ಕಾದ. ಬಂದದ್ದು, ಮೇಜಿನ ಆ ತುದಿಯಲ್ಲಿ ಕೂತ ಸಂಖ್ಯಾಶಾಸ್ತ್ರಜ್ಞೆ ಕೀಲಿಮಣೆ ಕುಟ್ಟುವ ಸದ್ದು. ನಲವತ್ತರ, ಯಾರ ಮುಲಾಜಿಗೂ ಬೀಳದ ಹೆಂಗಸು. ತಲೆ ಎತ್ತದೆ ಹೇಳಿದಳು: "ಮಾತು ಆಮೇಲೆ ಆಡೋಣ. ಒಂದು ದಿನ ತಾನೆ? ಸರಿಸಿ ನೋಡಿದ್ರಾಯ್ತು."

ಪರದೆಯ ಮೇಲೆ ಎರಡು ಗೆರೆ ಮೂಡಿದವು. ಕೆಂಪು, ದಿನ್ನೆಯದು. ನೀಲಿ, ಸುತ್ತಲಿನ ಹನ್ನೊಂದು ಕೇಂದ್ರಗಳ ಸರಾಸರಿ. ಕೆಂಪು ಏರಿದಲ್ಲೆಲ್ಲ ನೀಲಿ ನೆಲಕ್ಕಂಟಿತ್ತು. ಕೆಂಪು ಇಳಿಯುವ ಹೊತ್ತಿಗೆ ನೀಲಿ ಏರುತ್ತಿತ್ತು. ಒಬ್ಬರ ಮಾತಿಗೆ ಒಬ್ಬರು ಕಿವಿಗೊಡದ ಇಬ್ಬರಂತೆ. "ಹೊಂದಾಣಿಕೆ ಸೊನ್ನೆ ಪಾಯಿಂಟ್ ಮೂರು ಒಂದು" ಎಂದಳು. "ಈಗ ನೋಡಿ." ಒಂದು ಕೀಲಿ ಒತ್ತಿದಳು. ಕೆಂಪು ಗೆರೆ ಇಡಿಯಾಗಿ, ಮೂವತ್ತೊಂದು ವರ್ಷಗಳ ಎಲ್ಲ ಬೆಳಗುಗಳನ್ನೂ ಹೊತ್ತು, ಬಲಕ್ಕೆ ಒಂದೇ ಒಂದು ಮನೆ ಸರಿಯಿತು. ಸರಿದು ನೀಲಿಯ ಮೇಲೆ ಕೂತಿತು. ಕೂತಿತು ಎಂದರೆ ಸಾಲದು. ಎಷ್ಟೋ ಕಾಲದಿಂದ ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದವರೊಬ್ಬರು ಮನಸ್ಸು ಮಾಡಿ ನಿಂತು, ಹಿಂದಿನವರು ಬಂದು ಸೇರಿದ ಮೇಲೆ ಜೊತೆಗೆ ಹೆಜ್ಜೆ ಹಾಕಿದಂತೆ, ಏರಿಗೆ ಏರು, ಇಳಿವಿಗೆ ಇಳಿವು. ನಿರ್ದೇಶಕ ಎದ್ದು ನಿಂತ. ಪೂರ್ತಿ ಎದ್ದು ನಿಂತ.

"ಸೊನ್ನೆ ಪಾಯಿಂಟ್ ಒಂಬತ್ತು ನಾಲ್ಕು" ಎಂದಳು ಸಂಖ್ಯಾಶಾಸ್ತ್ರಜ್ಞೆ. "ಉಳಿದ ಹನ್ನೊಂದರಲ್ಲಿ ಒಂದಕ್ಕೂ ಇಷ್ಟಿಲ್ಲ. ಅಮ್ಮ, ನೀವು ಮನುಷ್ಯರೋ ಗಡಿಯಾರಾನೋ?"

"ಗಡಿಯಾರ ಇತ್ತು" ಎಂದಳು ಮುದುಕಿ ಗಂಭೀರವಾಗಿ. "ಆಫೀಸಿನವರು ಕೊಟ್ಟಿದ್ದು. ಅದು ದಿನಕ್ಕೆ ಎರಡು ನಿಮಿಷ ಹಿಂದೆ ಹೋಗ್ತಿತ್ತು. ನಾನೇ ಸರಿ ಮಾಡ್ಕೋತಿದ್ದೆ."

ಈಗ ನಗು ಬಂತು. ಬೇರೆ ನಗು. ಅದು ಯಾರಿಗೂ ಬಡಿಯದೆ ಮೇಜಿನ ಸುತ್ತ ಹರಿದು ಕಿಟಕಿಯಿಂದಾಚೆ ಹೋಯಿತು.

ಅವನ ಕಣ್ಣು ಮಾತ್ರ ಪರದೆಯ ಒಂದು ಶಿಖರದ ಮೇಲೆ ಸಿಕ್ಕಿಬಿದ್ದಿತ್ತು. ಕೆಂಪು ಅಲ್ಲಿ ನೀಲಿಯನ್ನು ಎಷ್ಟೋ ಮೀರಿ ಒಂಟಿಯಾಗಿ ನಿಂತಿತ್ತು. ಇನ್ನೂರ ಹನ್ನೆರಡು. ನೀಲಿ ಅದರ ಬುಡದಲ್ಲಿ, ತೊಂಬತ್ತರಲ್ಲಿ. ಒಂದೇ ಬಿರುಮಳೆ, ಬಯಲಿಗೆ ತೊಂಬತ್ತು, ದಿನ್ನೆಗೆ ಇನ್ನೂರ ಹನ್ನೆರಡು. ಅವನ ತಲೆಯಲ್ಲಿ ಆಕೆ ಅಳೆದ ಅಂಕಿಯೂ ತಾನು ಲೆಕ್ಕಹಾಕಿದ ಅಂಕಿಯೂ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವು, ನಡುವಿನ ಕದಕ್ಕೆ ಅವನೇ ಬೀಗ ಜಡಿದಿದ್ದ. ಇಪ್ಪತ್ತು ವರ್ಷ ಅವನು ಕಟ್ಟಿದ ಮಳೆಯ ಮಾದರಿ, ಗಣಕದಲ್ಲಿ ಗಾಳಿ, ತೇವ, ದಿನ್ನೆ, ಇಳಿಜಾರು ಎಲ್ಲವನ್ನೂ ಸಮೀಕರಣಗಳಾಗಿ ಹೊಸೆದ ಆ ಮಾದರಿ, ಇದೇ ಬಿರುಮಳೆಯನ್ನು ಪರೀಕ್ಷೆಗೆ ಒಡ್ಡಿದಾಗಲೆಲ್ಲ ದಿನ್ನೆಯ ಮೇಲೆ ವಿಪರೀತ ಮಳೆ ಸುರಿಸುತ್ತಿತ್ತು. ಅದಕ್ಕೆ ಸಾಕ್ಷಿ ಎಲ್ಲಿದೆ ಎಂದು ಎಲ್ಲರೂ ಕೇಳಿದ್ದರು. ಸಾಕ್ಷಿ ಎಲ್ಲಿದೆಯೆಂದು ಬಲ್ಲವನು ಅವನೊಬ್ಬನೇ; ಹೇಳಿದರೆ ರಿಜಿಸ್ಟರು ತೆರೆಯಬೇಕಿತ್ತು. ಕಡೆಗೆ ದಿನ್ನೆಗಳ ಮೇಲಿನ ಮಳೆಯನ್ನು ತಗ್ಗಿಸುವ ಗುಣಾಂಕವೊಂದನ್ನು ತಾನೇ ಸೇರಿಸಿದ. ಅದಕ್ಕೆ ಅವನ ಹೆಸರನ್ನೇ ಇಟ್ಟರು. ಅಂದಿನಿಂದ ಮಾದರಿ ಎತ್ತರದ ಊರುಗಳಿಗೆ ಬರುವ ಮಳೆಯನ್ನು ಯಾವಾಗಲೂ ಕಡಿಮೆ ಹೇಳುತ್ತಿತ್ತು, ಅವನು ಬಾಯಿಬಿಟ್ಟಾಗಲೆಲ್ಲ 'ಬರಬಹುದು' ಎನ್ನುತ್ತಿದ್ದಂತೆ.

ಸಂಖ್ಯಾಶಾಸ್ತ್ರಜ್ಞೆಯೂ ಅದೇ ಶಿಖರವನ್ನು ನೋಡುತ್ತಿದ್ದಳು. ನಿಧಾನವಾಗಿ ಅವನ ಕಡೆ ತಿರುಗಿದಳು.

"ಸರ್, ನಿಮ್ಮ ಗುಣಾಂಕ ತೆಗೆದ್ರೆ ಈ ಬಿರುಮಳೆಗೆ ಮಾದರಿ ಎಷ್ಟು ಹೇಳುತ್ತೆ?"

ಪರದೆ ನೋಡಬೇಕಾಗಿರಲಿಲ್ಲ. "ಇನ್ನೂರ ಎಂಟು" ಎಂದ.

"ಇವರು ಅಳೆದದ್ದು ಇನ್ನೂರ ಹನ್ನೆರಡು" ಎಂದಳು ಅವಳು. ಆಮೇಲೆ, ತನಗೇ ಹೇಳಿಕೊಳ್ಳುವಂತೆ: "ಅಂದ್ರೆ ಮಾದರಿ ಮೊದಲಿಂದಲೂ ಸರಿ ಇತ್ತು."

ಸರಿ ಇತ್ತು. ಎರಡೇ ಪದ. ಒಳಗೆಲ್ಲೋ ಕದ ಕಿತ್ತುಬಂದ ಹಾಗಾಯಿತು. ಆಕೆಯನ್ನು ಸುಳ್ಳಿಯೆಂದು ನಿಲ್ಲಿಸಿದ ದಿನದಿಂದ ತನ್ನ ಜೀವಮಾನದ ಕೆಲಸವನ್ನೂ ಸುಳ್ಳಿನ ಪಕ್ಕ ನಿಲ್ಲಿಸಿ ತಗ್ಗಿಸುತ್ತ ಬಂದಿದ್ದ. ಇಬ್ಬರೂ ನಿಜ ಹೇಳಿದ್ದರು, ಆಕೆ ಗಾಜು ಹಿಡಿದು, ಅವನು ಸಮೀಕರಣ ಹಿಡಿದು, ನಡುವೆ ನಾಲ್ಕು ಮಿಲಿಮೀಟರ್ ವ್ಯತ್ಯಾಸ. ನಾಚಿಕೆಪಡಬೇಕೆಂದು ಗೊತ್ತಿತ್ತು, ಪಟ್ಟ. ಆದರೆ ನಾಚಿಕೆಯ ಕೆಳಗಿನಿಂದ, ತಡೆದಷ್ಟೂ ಉಕ್ಕಿ, ಎಂದೋ ಮರೆತಿದ್ದ ಒಂದು ಉಲ್ಲಾಸ ಏರಿ ಬರುತ್ತಿತ್ತು. ಬಿಸಿ ನೆಲದ ಗಾಳಿ ಏರುವಂತೆ, ಏರಿ ತಂಪಾಗಿ ಮೋಡ ಕಟ್ಟುವಂತೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆರಳಿಗೆ ಶಾಯಿ ಮೆತ್ತಿಕೊಂಡು, ಒಂಬತ್ತು ಜನರ ಮುಂದೆ ಅಪರಾಧಿಯಾಗಿ ನಿಂತು ಅವನು ಹಗುರವಾಗಿದ್ದ.

ಸಹಿಯ ಕಾಗದವನ್ನು ನಿರ್ದೇಶಕ ತಾನೇ ಎರಡಾಗಿ ಹರಿದ. ದಾಖಲೆ ಉಳಿಯುತ್ತದೆ, ಇಂದಿನ ದಿನಾಂಕದಿಂದ ಅದು ಈ ಪ್ರದೇಶದ ಆಧಾರ ಸರಣಿ, ಗುಣಾಂಕವನ್ನು ಮಾದರಿಯಿಂದ ತೆಗೆಯಬೇಕು, ಪ್ರಬಂಧ ತಪ್ಪೆಂದು ಅದರ ಲೇಖಕರೇ ಬರೆದುಕೊಡಬೇಕು. "ಇವತ್ತೇ ಬರೆದುಕೊಡ್ತೀನಿ" ಎಂದ ಅವನು. ನಿರ್ದೇಶಕ ಇನ್ನೇನೋ ಹೇಳಹೋಗಿ ಬಿಟ್ಟು, "ಸರ್, ನಿಮ್ಮ ಮೇಲೆ ಸಿಟ್ಟು ಬರ್ತಿದೆ. ಆದ್ರೆ ನನಗೆ ಪಾಠ ಹೇಳಿದಿರಲ್ಲ, ಆ ಎಲ್ಲ ದಿನಗಳಲ್ಲೂ ಇಷ್ಟು ಚೆನ್ನಾಗಿ ಪಾಠ ಹೇಳಿರ್ಲಿಲ್ಲ" ಎಂದ. ದಾಖಲೆಯ ಮುಖಪುಟ ಬಂತು. 'ವೀಕ್ಷಕರು' ಎಂಬ ಖಾನೆಯಲ್ಲಿ ಮುದುಕಿ, ಒಂದು ಕಣ್ಣು ಮುಚ್ಚಿ, ಅದೇ ದುಂಡಗಿನ ಅಕ್ಷರದಲ್ಲಿ ತನ್ನ ಹೆಸರನ್ನು ತಾನೇ ಬರೆದಳು. ಅಮ್ಮ ಕೊಟ್ಟ ಹೆಸರು. ಬರೆದು ಶಾಯಿ ಆರುವವರೆಗೆ ಊದಿದಳು.

ಅವನು ಆಕೆಯ ಮುಂದೆ ಹೋಗಿ ನಿಂತ. ಕೈ ಮುಗಿಯಬೇಕೋ, ಕ್ಷಮೆ ಕೇಳಬೇಕೋ ತಿಳಿಯದೆ ಕೈಗಳು ಅರ್ಧದಲ್ಲಿ ನಿಂತವು.

"ಇಪ್ಪತ್ತೇಳು ವರ್ಷ ಹೊಟ್ಟೇಲಿ ಇಟ್ಕೊಂಡಿದ್ರಾ?" ಎಂದಳು ಆಕೆ. "ಪಾಪ ಅಂತ ಮಾತ್ರ ಹೇಳಲ್ಲ. ಹನ್ನೆರಡು ವರ್ಷ ನನ್ನ ಪಟ್ಟಿಗೆ ಒಂದು ಸ್ವೀಕೃತಿ ಬರ್ಲಿಲ್ಲ."

"ಕೇಳಬಹುದಾ? ಯಾಕೆ ಬಿದ್ದ ದಿನಕ್ಕೆ ಬರೀತಿದ್ರಿ?"

ಆಕೆ ಅವನನ್ನು, ದಡ್ಡ ಮಗುವನ್ನು ನೋಡುವಂತೆ ನೋಡಿದಳು. "ಮಳೆ ಬಂದಿದ್ದು ನಿನ್ನೆ. ನಾನು ಇವತ್ತು ಎದ್ದು ಬಂದು ನೋಡ್ದೆ ಅಂದ ಮಾತ್ರಕ್ಕೆ ಅದು ಇವತ್ತಿಂದಾಗ್ಬಿಡುತ್ತಾ?"

ಕಾರಿಡಾರಿಗೆ ಬಂದಾಗ ಒಂದು ಗಂಟೆ. ಬೆಳಕು ಹಳದಿಗೆ ತಿರುಗಿ, ಕಿಟಕಿಯ ಗಾಜುಗಳು ಒಳಗಿನಿಂದ ಉರಿದಂತೆ ಕಾಣುತ್ತಿದ್ದವು. ಅವನು ಕಿಟಕಿಯ ಬಳಿ ನಿಂತು ಮನೆಗೆ ಫೋನು ಮಾಡಿದ.

"ಬಟ್ಟೆ ತೆಗಿ" ಎಂದ. "ಮಳೆ ಬರುತ್ತೆ."

"ಏನಂದ್ರಿ?"

"ಬರುತ್ತೆ ಅಂದೆ. ಇಪ್ಪತ್ತು ನಿಮಿಷದಲ್ಲಿ ಬರುತ್ತೆ. ಸಂಜೆ ಬಂದು ಇನ್ನೊಂದು ವಿಷಯ ಹೇಳ್ತೀನಿ, ಕೂತ್ಕೊಂಡು ಕೇಳ್ಬೇಕು."

"ಅಯ್ಯೋ ದೇವರೇ" ಎಂದಳು ಹೆಂಡತಿ, ನಗುತ್ತಲೋ ಹೆದರಿಯೋ. ಅವಳ ಚಪ್ಪಲಿ ಹಿತ್ತಲಿನ ಕಡೆಗೆ ಓಡುವ ಸದ್ದು ಫೋನಿನಲ್ಲಿ ಕೇಳಿಸಿತು.

ಮುದುಕಿ ಬೆಂಚಿನ ಬಳಿ ನಿಂತು ಕಡೆಗೂ ಕತ್ತೆತ್ತಿದ್ದಳು. ಚಿತ್ರವನ್ನು ತುಂಬ ಹೊತ್ತು ನೋಡಿದಳು, ಗಾಜನ್ನು ಓದುವಂತೆ, ಮೇಲ್ಮೈ ಅಲುಗುವುದು ನಿಲ್ಲಲೆಂದು ಕಾಯುವಂತೆ. "ಇಲ್ಲಿತ್ತಾ ಇದು" ಎಂದಳು. "ಸ್ವೆಟರ್ ಚೆನ್ನಾಗಿ ಬಂದಿದೆ." ಅವನು ಬೆಂಚು ಹತ್ತಿ, ಮೊಳೆಯಿಂದ ಚಿತ್ರವನ್ನು ಬಿಡಿಸಿ, ತೋಳಿನಿಂದ ಧೂಳು ಒರೆಸಿ ಆಕೆಯ ಕೈಗಿಟ್ಟ. ಗೋಡೆಯ ಮೇಲೆ ಚಿತ್ರದ ಅಳತೆಯ ಒಂದು ಚೌಕ ಉಳಿಯಿತು, ಸುತ್ತಲಿನ ಬಣ್ಣಕ್ಕಿಂತ ಬಿಳುಪಾಗಿ, ಹೊಸದಾಗಿ. ಆಕೆ ಚಿತ್ರವನ್ನು ಸ್ವೆಟರಿಗೆ ಅವುಚಿಕೊಂಡು, ಚೀಲದಿಂದ ಅಳತೆಗಾಜನ್ನು ತೆಗೆದು ಅವನಿಗೆ ಕೊಟ್ಟಳು.

"ಇದು ನಿಮ್ಮ ಹತ್ರ ಇರ್ಲಿ. ರಸೀದಿ ಬೇಡ."

"ಕಾರು ಬರ್ತಿದೆ, ಕೆಳಗೆ ಕೂತಿರಿ. ಮಳೆ ಬಂದ್ಬಿಡುತ್ತೆ."

"ಬರ್ಲಿ. ನನಗೇನು ಹೊಸದಾ?" ಎಂದು ಕೊಡೆಯನ್ನು ಊರುಗೋಲು ಮಾಡಿಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು. ಅವನೂ ಗಾಜು ಹಿಡಿದು ಹಿಂದೆಯೇ ಇಳಿದ. ಮುಂಬಾಗಿಲನ್ನು ಆಕೆ ಹೆಗಲಿನಿಂದ ತಳ್ಳಿದಾಗ ಹೊರಗಿನಿಂದ ಒದ್ದೆಮಣ್ಣಿನ ಗಾಳಿ ಒಳಗೆ ನುಗ್ಗಿತು. ಮೊದಲ ಹನಿಗಳು, ದಪ್ಪ, ದೂರದೂರ, ಮೆಟ್ಟಿಲ ಕಲ್ಲಿನ ಮೇಲೆ ಒಡೆದವು. ಆಕೆ ಕೊಡೆಯನ್ನು ಚಿತ್ರದ ಮೇಲೆ ಬಿಚ್ಚಿ ಹಿಡಿದು, ತಾನು ನೆನೆಯುತ್ತ, ಆಕಾಶವನ್ನೂ ಅವನ ಕೈಯಲ್ಲಿದ್ದ ಗಾಜನ್ನೂ ಒಂದು ಸಲ ನೋಡಿದಳು.

"ನಾಳೆ ಬೆಳಿಗ್ಗೆ ಎಂಟೂವರೆಗೆ ಅಳೀರಿ" ಎಂದಳು. "ಆದ್ರೆ ಇವತ್ತಿಗೇ ಬರೀರಿ."

ಬಾಗಿಲು ಆಕೆಯ ಹಿಂದೆ ನಿಧಾನವಾಗಿ ಮರಳಿ ಬಂದು, ಮಳೆಯ ಸದ್ದನ್ನು ಹೊರಗೇ ಬಿಟ್ಟು, ಟಕ್ಕೆಂದು ಮುಚ್ಚಿಕೊಂಡಿತು.